ಹಾಸನದ ಬೇಸಿಗೆಗೆ ಎಷ್ಟು ಅಂಕ? ಬೇಲೂರಿನ ಉತ್ತರ ಗೋಡೆಯಿಂದ ಕುರುಕ್ಷೇತ್ರದ ಗದಾಯುದ್ಧದವರೆಗೆ

‘ಬಡವರ ಊಟಿ’ ಅನ್ನೋ ಹೆಸರನ್ನು ನಂಬಿಕೊಂಡು ಏಪ್ರಿಲ್–ಮೇನಲ್ಲಿ ಹಾಸನಕ್ಕೆ ಬರುವವರು ಮೊದಲ ಮಧ್ಯಾಹ್ನವೇ ಗೊಣಗಲು ಶುರು ಮಾಡುತ್ತಾರೆ. ಬಹುತೇಕರ ದಿನಚರಿ ಒಂದೇ. ಒಂಬತ್ತೂವರೆಗೆ ನಿಧಾನವಾಗಿ ತಿಂಡಿ, ಹನ್ನೊಂದೂವರೆಗೆ ಬೇಲೂರು, ಎರಡಕ್ಕೆ ಹಳೇಬೀಡು, ಸಂಜೆ ರೂಮಿಗೆ ವಾಪಸು, ಟಿವಿ. ಕಾಲು ಸುಟ್ಟಿರುತ್ತದೆ, ಫೋಟೋದಲ್ಲಿ ಶಿಲ್ಪಗಳ ಮುಖವೆಲ್ಲ ಕಪ್ಪು, ರಾತ್ರಿ ಊರಲ್ಲಿ ನೋಡಲು ಏನೂ ಇಲ್ಲ ಎಂಬ ದೂರು ಬೇರೆ. ತಪ್ಪು ಊರಿನದಲ್ಲ, ಗಡಿಯಾರದ್ದು. ಇಲ್ಲಿನ ಬೇಸಿಗೆಗೆ ಬೆಳಿಗ್ಗೆ ಏಳರಿಂದ ಒಂಬತ್ತೂವರೆ, ಸಂಜೆ ನಾಲ್ಕರಿಂದ ಆರು, ಆಮೇಲೆ ರಾತ್ರಿ ಎಂಟರ ನಂತರ, ಈ ಮೂರೇ ಒಳ್ಳೆಯ ಹೊತ್ತು. ನಡುವಿನದನ್ನು ತಲೆಯ ಮೇಲೆ ಸೂರಿರುವ ಕಡೆ ಕಳೆಯಬೇಕು.

ಬೇಲೂರಿನಿಂದಲೇ ಶುರು ಮಾಡೋಣ. ಹಾಸನದಿಂದ ಸುಮಾರು 40 ಕಿಲೋಮೀಟರ್, ಬಸ್ಸಿಗೆ ಬರವಿಲ್ಲ, ದೇವಸ್ಥಾನಕ್ಕೆ ಪ್ರವೇಶ ಟಿಕೆಟ್ಟೂ ಇಲ್ಲ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ಗುಡಿ 2023ರಲ್ಲಿ ಹಳೇಬೀಡು, ಸೋಮನಾಥಪುರಗಳ ಜೊತೆಗೆ ಯುನೆಸ್ಕೋ ಪಟ್ಟಿ ಸೇರಿದ ಮೇಲೆ ಜನ ಇನ್ನೂ ಹೆಚ್ಚಾಗಿದ್ದಾರೆ. ಹಾಗಾಗಿ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರುವುದು ಲೇಸು. ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಬಾಗಿಲಿನ ಪಕ್ಕದ ಜಾಲಂಧ್ರದಲ್ಲಿ, ಅಂದರೆ ಕಲ್ಲಿನ ಜಾಲರಿ ಕಿಟಕಿಯಲ್ಲಿ, ವಿಷ್ಣುವರ್ಧನನ ಒಡ್ಡೋಲಗದ ಕೆತ್ತನೆ ಇದೆ. ಬೆಳಗಿನ ಓರೆ ಬಿಸಿಲು ಅದರ ಮೇಲೆ ಬಿದ್ದಾಗ ಒಂದೊಂದು ಆಕೃತಿಯೂ ಎದ್ದು ಬರುತ್ತದೆ. ಹತ್ತು ಗಂಟೆಯ ನಂತರ ಅದೇ ಜಾಗ ಚಪ್ಪಟೆ.

ಕಾರಣ ಸರಳ. ಉಳಿಯ ಆಳ ಕಾಣಬೇಕಾದರೆ ಬೆಳಕು ಪಕ್ಕದಿಂದ ಬರಬೇಕು. ಏಪ್ರಿಲ್ ಕೊನೆಯ ವಾರದಲ್ಲಿ ಈ ಸೀಮೆಯಲ್ಲಿ ನಡು ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಗುಡಿಯ ಅಗಲವಾದ ಸೂರು ತನ್ನ ನೆರಳನ್ನು ನೇರ ಗೋಡೆಯ ಮೇಲೆ ಇಳಿಬಿಡುತ್ತದೆ. ಆ ಸೂರಿನ ಕೆಳಗೆ ಮುಂದಕ್ಕೆ ಬಾಗಿ ನಿಂತಿರುವ ಮದನಿಕೆಯರು (ಸುಂದರಿಯರ ಶಿಲ್ಪಗಳು) ಪೂರಾ ಕತ್ತಲಲ್ಲಿ, ಕೆಳಗಿನ ಅಂಗಳ ಕಣ್ಣು ಕುಕ್ಕುವಷ್ಟು ಬೆಳ್ಳಗೆ. ಇಂಥ ಹೊತ್ತಿನಲ್ಲಿ ಎಂಥ ಮೊಬೈಲೂ ಸೋಲುತ್ತದೆ.

ಆದರೆ ಬೇಸಿಗೆಗೆ ಇಲ್ಲೊಂದು ಲಾಭ ಇದೆ, ಗೈಡುಗಳು ಇದನ್ನು ಹೇಳುವುದು ಅಪರೂಪ. ಮೇ ತಿಂಗಳಲ್ಲಿ ಸೂರ್ಯ ಈಶಾನ್ಯದ ಕಡೆಗೆ ಸರಿದು ಹುಟ್ಟುತ್ತಾನೆ, ವಾಯವ್ಯದ ಕಡೆ ಮುಳುಗುತ್ತಾನೆ. ಹಾಗಾಗಿ ಗುಡಿಯ ಉತ್ತರದ ಗೋಡೆಗೆ ಬೆಳಿಗ್ಗೆಯೂ ಸಂಜೆಯೂ ಓರೆ ಬಿಸಿಲು ತಾಗುತ್ತದೆ. ಡಿಸೆಂಬರಿನಲ್ಲಿ, ಅಂದರೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುವ ಕಾಲದಲ್ಲಿ, ಅದೇ ಗೋಡೆ ಇಡೀ ದಿನ ನೆರಳಲ್ಲೇ ಇರುತ್ತದೆ. ಉತ್ತರ ದಿಕ್ಕಿನ ಮದನಿಕೆಯರನ್ನು ನೇರ ಬೆಳಕಲ್ಲಿ ನೋಡಬೇಕೆಂದರೆ ಬೇಸಿಗೆಯಲ್ಲೇ ಬರಬೇಕು. ಒಟ್ಟು 42 ಮದನಿಕೆಯರಲ್ಲಿ 38 ಹೊರಗಿದ್ದಾರೆ, ನಾಲ್ವರು ಒಳಗೆ ನವರಂಗದ (ಗರ್ಭಗುಡಿಯ ಮುಂದಿನ ಮಂಟಪ) ನಡುವಣ ಕಂಬಗಳ ಮೇಲೆ. ಹೊರಗಿನವರ ಕಾಲ ಬುಡದ ಪೀಠ ಗಮನಿಸಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣರಂಥ ಶಿಲ್ಪಿಗಳ ಹೆಸರು ಹಳಗನ್ನಡ ಲಿಪಿಯಲ್ಲಿ ಕೊರೆದಿದೆ. ಒಂದು ಸಣ್ಣ ದೂರದರ್ಶಕ ಕೈಲಿದ್ದರೆ ಗೈಡಿಗೆ ಕೊಡುವ ದುಡ್ಡಿಗಿಂತ ಹೆಚ್ಚು ಉಪಯೋಗ.

ಗೈಡುಗಳ ಬಗ್ಗೆ ಒಂದು ಮಾತು. ಗುರುತಿನ ಚೀಟಿ ಇರುವವರನ್ನೇ ಕರೆಯಿರಿ, ದರವನ್ನು ಮೊದಲೇ ಮಾತಾಡಿ, ಎಷ್ಟು ಹೊತ್ತು ಅನ್ನುವುದನ್ನೂ ಮಾತಾಡಿ. ರಜೆ ದಿನಗಳಲ್ಲಿ ಮುಕ್ಕಾಲು ಗಂಟೆಯಲ್ಲಿ ಮುಗಿಸಿ ಮುಂದಿನ ಗಿರಾಕಿಗೆ ಓಡುವುದೇ ಹೆಚ್ಚು, ಆಗ ನಿಮಗೆ ಸಿಗುವುದು ಕನ್ನಡಿ ಹಿಡಿದ ಸುಂದರಿ, ಬೇಟೆಯ ಸುಂದರಿ, ‘ಈ ಬಳೆ ತಿರುಗುತ್ತೆ ನೋಡಿ ಸಾರ್’ ಇಷ್ಟೇ. ಮೊದಲು ನೀವೇ ಜಗತಿಯ (ಗುಡಿ ನಿಂತಿರುವ ಎತ್ತರದ ಕಲ್ಲುಕಟ್ಟೆ) ಮೇಲೆ ಒಂದು ಸುತ್ತು ಪ್ರದಕ್ಷಿಣೆ ಬಂದು, ಆಮೇಲೆ ಗೈಡನ್ನು ಕರೆದು ಪ್ರಶ್ನೆ ಕೇಳಿ. ಒಳಗೆ ನವರಂಗ ಕತ್ತಲು. ಮೊಬೈಲ್ ಟಾರ್ಚನ್ನು ನೇರ ಹಿಡಿಯಬೇಡಿ. ಕಂಬದ ಪಕ್ಕದಿಂದ, ಗೋಡೆಗೆ ಸವರುವ ಹಾಗೆ ಹಿಡಿದರೆ ಕಡೆದ ಕಂಬದ ಉಂಗುರಗಳು, ಮೇಲಿನ ಭುವನೇಶ್ವರಿಯ (ಕೆತ್ತನೆಯ ಚಾವಣಿ) ಪದರಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುತ್ತಾರೆ, ದರ್ಶನ ಬೇಕಿದ್ದವರು ಅದಕ್ಕೆ ಮುಂಚೆ ಮುಗಿಸಿಕೊಳ್ಳಿ.

ಅಂಗಳದ ಚಪ್ಪಡಿ ಕಲ್ಲು ಹನ್ನೊಂದಕ್ಕೆ ಕಾದ ಕಾವಲಿ. ಚಪ್ಪಲಿ ಹೊರಗೇ ಬಿಡಬೇಕು. ದಪ್ಪ ಹತ್ತಿಯ ಸಾಕ್ಸ್ ತನ್ನಿ. ನೈಲಾನ್ ಸಾಕ್ಸ್ ಬಿಸಿಯನ್ನೂ ತಡೆಯುವುದಿಲ್ಲ, ನುಣುಪು ಮೆಟ್ಟಿಲಲ್ಲಿ ಜಾರುತ್ತದೆ ಕೂಡ. ಮಕ್ಕಳಿಗೆ ಎರಡು ಜೊತೆ ಇಟ್ಟುಕೊಳ್ಳಿ.

ಯುಗಾದಿ ಕಳೆದು ಚೈತ್ರದ ಹುಣ್ಣಿಮೆ ಹತ್ತಿರ ಬರುವಾಗ ಚೆನ್ನಕೇಶವನ ರಥೋತ್ಸವ. ಶಿಲ್ಪ ನೋಡುವವರು ಆ ಎರಡು ದಿನ ಬೇಲೂರಿಗೆ ಬರಬೇಡಿ, ಜನ ನೋಡುವವರು ಆ ಎರಡು ದಿನವೇ ಬನ್ನಿ. ಎರಡೂ ಒಟ್ಟಿಗೆ ಆಗುವ ಮಾತಲ್ಲ. ತೇರಿನ ದಿನ ಕಾರನ್ನು ಊರಾಚೆಯೇ ನಿಲ್ಲಿಸಿ ನಡೆದು ಬನ್ನಿ.

ಊಟವನ್ನು ಬೇಲೂರಲ್ಲೇ ಮುಗಿಸಿಕೊಳ್ಳಿ, ಹಳೇಬೀಡಿನಲ್ಲಿ ಆಯ್ಕೆ ಕಡಿಮೆ. 16–17 ಕಿಲೋಮೀಟರ್ ದಾರಿ. ಎರಡು ಗಂಟೆಗೆ ಹಳೇಬೀಡು ತಲುಪಿದರೆ ಹೊಯ್ಸಳೇಶ್ವರ ಗುಡಿಗೆ ನುಗ್ಗಬೇಡಿ. ಮೊದಲು ಪಕ್ಕದಲ್ಲೇ ಇರುವ ಪುರಾತತ್ವ ಇಲಾಖೆಯ ಮ್ಯೂಸಿಯಂ ನೋಡಿ (ಶುಕ್ರವಾರ ರಜೆ, ಇದನ್ನು ಮರೆತು ಬಾಗಿಲ ಮುಂದೆ ನಿಲ್ಲುವವರು ಪ್ರತಿ ವಾರ ಇರುತ್ತಾರೆ). ಆಮೇಲೆ ಅರ್ಧ ಕಿಲೋಮೀಟರ್ ಆಚೆಯ ಬಸ್ತಿಹಳ್ಳಿಯ ಬಸದಿಗಳಿಗೆ ಹೋಗಿ. ಪಾರ್ಶ್ವನಾಥ ಬಸದಿಯ ಒಳಗೆ ತಂಪು. ಅಲ್ಲಿನ ಕಂಬಗಳ ನುಣುಪು ಎಂಥದ್ದೆಂದರೆ ಎದುರು ನಿಂತವರ ನೆರಳಾಕೃತಿ ಅದರಲ್ಲಿ ಕಾಣುತ್ತದೆ. ಹೊಯ್ಸಳೇಶ್ವರದ ಜನಜಂಗುಳಿಯಲ್ಲಿ ನೂರಕ್ಕೆ ಹತ್ತು ಮಂದಿಯೂ ಇಲ್ಲಿಗೆ ಬರುವುದಿಲ್ಲವೇನೋ. ಅವರ ನಷ್ಟ.

ನಾಲ್ಕು ಗಂಟೆಗೆ ಹೊಯ್ಸಳೇಶ್ವರ. ಈ ಗುಡಿಯ ಅತ್ಯುತ್ತಮ ಕೆತ್ತನೆ ಹಿಂಬದಿಯ, ಅಂದರೆ ಪಶ್ಚಿಮದ ಗೋಡೆಯಲ್ಲಿದೆ. ಬೆಳಿಗ್ಗೆ ಅದು ನೆರಳು, ಸಂಜೆ ಹೊನ್ನು. ಕೆಳಗಿನಿಂದ ಆನೆ ಸಾಲು, ಸಿಂಹ, ಬಳ್ಳಿ, ಕುದುರೆ, ಅದರ ಮೇಲೆ ರಾಮಾಯಣ–ಮಹಾಭಾರತದ ಕಥಾಪಟ್ಟಿ, ಮಕರ, ಹಂಸ. ಕಥಾಪಟ್ಟಿಯನ್ನು ಓದಬೇಕಾದರೆ ಮೊಣಕಾಲೂರಿ ಕೂರಬೇಕು, ನಿಂತು ನೋಡಿದರೆ ಬರೀ ಗುಂಪು. ಬಳಪದ ಕಲ್ಲಾದ್ದರಿಂದ ಇಷ್ಟು ಸೂಕ್ಷ್ಮ ಸಾಧ್ಯವಾಯಿತು. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುವ ಕಲ್ಲು ಅದು. ಬೆವರಿದ ಕೈಯಿಂದ ಮುಟ್ಟಬೇಡಿ, ಎಣ್ಣೆ ಅಂಟಿ ಕಪ್ಪಾದ ಜಾಗಗಳು ಈಗಾಗಲೇ ಸಾಕಷ್ಟಿವೆ.

ಈ ಯೋಜನೆ ಕೆಡುವುದು ಮಳೆಯಿಂದ. ‘ಭರಣಿ ಮಳೆ ಬಂದರೆ ಧರಣಿ ಬೆಳೆ’ ಅಂತ ರೈತರು ಕಾಯುವ ಮಳೆ ಏಪ್ರಿಲ್ ಕೊನೆ, ಮೇ ಮೊದಲ ವಾರಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೇ ಕಟ್ಟುತ್ತದೆ. ಒಂದೊಂದು ಸಲ ಆಲಿಕಲ್ಲು ಸಮೇತ. ಎರಡು ಗಂಟೆಗೇ ಪಶ್ಚಿಮದಲ್ಲಿ ಮೋಡ ಕಪ್ಪಿಟ್ಟಿದ್ದರೆ ಮ್ಯೂಸಿಯಂ ಬಿಟ್ಟು ಸೀದಾ ಗುಡಿಗೆ ಹೋಗಿ. ನೆನೆದ ಬಳಪದ ಕಲ್ಲು ಸೋಪಿನ ಹಾಗೇ ಜಾರುತ್ತದೆ, ಜಗತಿಯ ಅಂಚಿಗೆ ಹೋಗಬಾರದು.

ಶ್ರವಣಬೆಳಗೊಳಕ್ಕೆ ಬೇಸಿಗೆಯಲ್ಲಿ ಹತ್ತಕ್ಕೆ ಆರು ಅಂಕ, ಅದೂ ಬೆಳಿಗ್ಗೆ ಎಂಟರೊಳಗೆ ಇಳಿದು ಬರುವವರಿಗೆ ಮಾತ್ರ. ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲು, ನಡುವೆ ನೆರಳು ತೀರಾ ಕಡಿಮೆ. ಹಿರಿಯರಿಗೆ ಡೋಲಿ ಸಿಗುತ್ತದೆ. ಮಹಾಮಸ್ತಕಾಭಿಷೇಕ 2018ರಲ್ಲಿ ಆಯಿತು, 12 ವರ್ಷದ ಲೆಕ್ಕದಲ್ಲಿ ಮುಂದಿನದು 2030ಕ್ಕೆ. ಈ ಬೇಸಿಗೆಯಲ್ಲಿ ಏನೋ ವಿಶೇಷ ಇದೆ ಅಂತ ಯಾರಾದರೂ ಹೇಳಿದರೆ ಒಮ್ಮೆ ವಿಚಾರಿಸಿ ಹೊರಡಿ. ಹಾಗೆಯೇ ಹಾಸನಾಂಬ ದೇವಿಯ ಗುಡಿ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ. ಬೇಸಿಗೆಯಲ್ಲಿ ಬಂದು ‘ದರ್ಶನ ಎಷ್ಟು ಗಂಟೆಗೆ’ ಅಂತ ಆಟೋದವರನ್ನು ಕೇಳಿದರೆ ಅವರು ನಗುತ್ತಾರೆ, ಬೇಜಾರಾಗಬೇಡಿ.

ಜನ ಬೇಡ, ಶಿಲ್ಪ ಬೇಕು ಅನ್ನುವವರಿಗೆ ಊರ ಹತ್ತಿರವೇ ಎರಡಿವೆ. ಬೇಲೂರು ರಸ್ತೆಯ ಕಡೆ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ, ಬೇಲೂರಿಗಿಂತಲೂ ಸ್ವಲ್ಪ ಹಳೆಯದು, ಕೆರೆ ದಂಡೆಯಲ್ಲಿದೆ. ಇನ್ನೊಂದು ಮೊಸಳೆ ಗ್ರಾಮದ ನಾಗೇಶ್ವರ–ಚೆನ್ನಕೇಶವ ಜೋಡಿ ಗುಡಿಗಳು, ಅಕ್ಕಪಕ್ಕ ನಿಂತ ಅವಳಿಗಳು. ಎರಡು ಕಡೆಯೂ ಅಂಗಡಿ, ಹೋಟೆಲು, ಶೌಚಾಲಯ ಯಾವುದನ್ನೂ ನಂಬಿಕೊಂಡು ಹೋಗಬೇಡಿ. ಬಾಗಿಲು ಮುಚ್ಚಿದ್ದರೆ ಬೀಗದ ಕೈ ಯಾರ ಹತ್ತಿರ ಇದೆ ಅಂತ ಊರಲ್ಲಿ ಕೇಳಿ, ಹೇಳುತ್ತಾರೆ.

ಶೆಟ್ಟಿಹಳ್ಳಿಯ ಹಳೆಯ ಚರ್ಚು ಇನ್‌ಸ್ಟಾಗ್ರಾಂನಲ್ಲಿ ಮಳೆಗಾಲದ ಚಿತ್ರದಿಂದ ಹೆಸರಾದದ್ದು. ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಲ್ಲಿ ಅರ್ಧ ಮುಳುಗಿ ನಿಂತ ಚಿತ್ರ. ಬೇಸಿಗೆಯಲ್ಲಿ ನೀರು ಹಿಂದಕ್ಕೆ ಸರಿದು ಬುಡದವರೆಗೂ ನಡೆದು ಹೋಗಬಹುದು. ಆದರೆ ವರ್ಷವರ್ಷವೂ ನೀರಲ್ಲಿ ನೆನೆದು ಒಣಗಿ ಗೋಡೆಗಳು ಶಿಥಿಲವಾಗಿವೆ, ಕಮಾನಿನ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುವ ಹುಚ್ಚು ಬೇಡ. ಬಿರುಕು ಬಿಟ್ಟು ಒಣಗಿದಂತೆ ಕಾಣುವ ಕೆರೆಮಣ್ಣಿನ ಅಡಿ ಇನ್ನೂ ಕೆಸರಿರುತ್ತದೆ, ಕಾರು ಇಳಿಸಿದರೆ ಟ್ರ್ಯಾಕ್ಟರ್ ಹುಡುಕಬೇಕಾಗುತ್ತದೆ.

ಮಕ್ಕಳ ಬೇಸಿಗೆ ಶಿಬಿರಗಳು ಏಪ್ರಿಲ್ ಎರಡನೇ ವಾರದಿಂದ ಊರ ತುಂಬ. ಫ್ಲೆಕ್ಸಿನಲ್ಲಿ ಇಪ್ಪತ್ತು ಕಲೆಗಳ ಪಟ್ಟಿ ಇರುವ ಶಿಬಿರಕ್ಕಿಂತ ಮೂರೇ ಕಲಿಸುವ ಶಿಬಿರ ಮೇಲು. ಸೇರಿಸುವ ಮುಂಚೆ ಎರಡು ವಿಷಯ ನೋಡಿ. ಒಂದು, ಸೂರು. ಶೀಟಿನ ಕೆಳಗೆ ಹನ್ನೆರಡು ಗಂಟೆಗೆ ಮಕ್ಕಳು ಬೇಯುತ್ತಾರೆ, ಬೆಳಗಿನ ತರಗತಿ ಹನ್ನೊಂದೂವರೆಗೆ ಮುಗಿಯುತ್ತದೋ ಕೇಳಿ. ಇನ್ನೊಂದು, ಸಮಾರೋಪದ ನೃತ್ಯ. ಮೊದಲ ವಾರದಿಂದಲೇ ಅದೊಂದೇ ಹಾಡಿನ ಅಭ್ಯಾಸ ಶುರುವಾದರೆ ನಿಮ್ಮ ಮಗು ಕಲಿಯುವುದು ಆ ಹಾಡಿನ ಮೂರು ನಿಮಿಷ ಮಾತ್ರ. ಜೇಡಿಮಣ್ಣಿನ ಕೆಲಸ ಕಲಿಸುವವರು ಗಟ್ಟಿಗರೋ ಅಲ್ಲವೋ ತಿಳಿಯಲು ಸುಲಭದ ದಾರಿ ಇದೆ: ಮಾಡಿದ ಬೊಂಬೆಯನ್ನು ಬಿಸಿಲಿಗೆ ಇಡಿಸುತ್ತಾರೋ ನೆರಳಿಗೋ ನೋಡಿ. ಬಿಸಿಲಲ್ಲಿ ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ, ಬಿರುಕು ಖಂಡಿತ. ತಿಳಿದವರು ಒದ್ದೆ ಬಟ್ಟೆ ಹೊದಿಸಿ ನೆರಳಲ್ಲಿ ಮೂರ್ನಾಲ್ಕು ದಿನ ಆರಿಸುತ್ತಾರೆ.

ಇನ್ನು ಹಾಸನದ ಬೇಸಿಗೆಯ ನಿಜವಾದ ಹಬ್ಬಕ್ಕೆ ಬರೋಣ. ಪೌರಾಣಿಕ ನಾಟಕ. ಸುಗ್ಗಿ ಮುಗಿದು, ರಾಗಿ ಒಕ್ಕಣೆ ಮುಗಿದು, ಮುಂಗಾರಿನ ಉಳುಮೆ ಇನ್ನೂ ಶುರುವಾಗದ ಈ ಬಿಡುವಿನಲ್ಲಿ ಹಾಸನ, ಮಂಡ್ಯ, ತುಮಕೂರು ಸೀಮೆಯ ರೈತರು, ಮೇಷ್ಟ್ರುಗಳು, ನೌಕರರು ಬಣ್ಣ ಹಚ್ಚುತ್ತಾರೆ. ಊರೊಳಗೆ ಸಾಲಗಾಮೆ ರಸ್ತೆಯ ಹಾಸನಾಂಬ ಕಲಾಕ್ಷೇತ್ರ ಇದಕ್ಕೆ ಮುಖ್ಯ ನೆಲೆ. ಅಲ್ಲಿ ಹಗಲು ಪ್ರದರ್ಶನಗಳೂ ನಡೆಯುತ್ತವೆ. ಸುಡು ಮಧ್ಯಾಹ್ನ ಕಳೆಯಲು ಇದಕ್ಕಿಂತ ಒಳ್ಳೆಯ ಜಾಗ ಊರಲ್ಲಿ ಇಲ್ಲ, ಪ್ರವೇಶವೂ ಸಾಮಾನ್ಯವಾಗಿ ಉಚಿತ. ಹಳ್ಳಿಗಳಲ್ಲಾದರೆ ರಾತ್ರಿ ಒಂಬತ್ತಕ್ಕೆ ಶುರುವಾಗಿ ಬೆಳಗಿನ ತನಕ.

ಮೊದಲ ಸಲ ನೋಡುವವರು ಗೊಂದಲಕ್ಕೆ ಬೀಳುವುದು ಮುಖಗಳ ವಿಚಾರದಲ್ಲಿ. ‘ಕುರುಕ್ಷೇತ್ರ’ ನಾಟಕದ ಕರಪತ್ರದಲ್ಲಿ 1ನೇ ಕೃಷ್ಣ, 2ನೇ ಕೃಷ್ಣ, 1ನೇ ದುರ್ಯೋಧನ, 2ನೇ ದುರ್ಯೋಧನ ಅಂತ ಇರುತ್ತದೆ. ಇಲ್ಲಿ ಪಾತ್ರಧಾರಿಗೆ ಸಂಬಳ ಇಲ್ಲ, ಪಾತ್ರಧಾರಿಯೇ ಪಾತ್ರಕ್ಕೆ ದುಡ್ಡು ಕೊಡುತ್ತಾನೆ. ಸೀನರಿ ಬಾಡಿಗೆ, ಬಣ್ಣ, ಉಡುಪು, ಸಂಗೀತದವರು, ಸ್ತ್ರೀಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರ ಸಂಭಾವನೆ ಎಲ್ಲ ಆ ದುಡ್ಡಿನಿಂದಲೇ ನಡೆಯಬೇಕು. ಕೃಷ್ಣ, ದುರ್ಯೋಧನರಿಗೆ ಕೈ ಬಿಚ್ಚಿ ಕೊಡಬೇಕು, ಸೈನಿಕನಿಗೆ ಅಷ್ಟಿಲ್ಲ. ಹಾಡು ಹೆಚ್ಚಿರುವ ಪಾತ್ರವನ್ನು ದೃಶ್ಯಗಳ ಲೆಕ್ಕದಲ್ಲಿ ಹಂಚಿದರೆ ಹೆಚ್ಚು ಜನರಿಗೆ ಆಸೆ ತೀರುತ್ತದೆ, ಖರ್ಚೂ ಹಂಚಿಹೋಗುತ್ತದೆ. ಹಾಗಾಗಿ ಶಯನಗೃಹದಲ್ಲಿ ತೆಳ್ಳಗಿದ್ದ ಕೃಷ್ಣ ಸಂಧಾನಕ್ಕೆ ಬರುವಾಗ ಹೊಟ್ಟೆ ಬಿಟ್ಟಿರಬಹುದು. ಒಪ್ಪಿಕೊಳ್ಳಿ. ಕಿರೀಟ, ನವಿಲುಗರಿ ನೋಡಿ ಗುರುತು ಹಿಡಿಯುವುದು ಇಲ್ಲಿನ ರೂಢಿ.

ಗುಣಮಟ್ಟ ನಿರ್ಧಾರವಾಗುವುದು ವೇದಿಕೆಯ ಮೇಲಲ್ಲ, ಅದರ ಬದಿಯಲ್ಲಿ ಕೂತ ಹಾರ್ಮೋನಿಯಂ ಮೇಷ್ಟ್ರ ಹತ್ತಿರ. ತಿಂಗಳುಗಟ್ಟಲೆ ಊರಿಗೆ ಬಂದು ಮಟ್ಟು ಕಲಿಸಿದವರು ಅವರೇ, ಆ ರಾತ್ರಿ ಮಾತು ಮರೆತವನಿಗೆ ಎತ್ತಿಕೊಡುವವರೂ ಅವರೇ. ಕೃಷ್ಣನದು ಎರಡು ಮನೆ ಶ್ರುತಿ, ಮುಂದೆ ಬರುವ ದ್ರೌಪದಿಯದು ಐದು ಮನೆ, ಅಂದರೆ ಇನ್ನೂ ಎತ್ತರದ ದನಿ. ಇಬ್ಬರೂ ಕೂಡಿ ಹಾಡುವ ಜಾಗ ಬಂದಾಗ ಮೇಷ್ಟ್ರು ಏನು ಮಾಡುತ್ತಾರೆ ಎಂಬುದನ್ನು ಕಿವಿಗೊಟ್ಟು ಕೇಳಿ. ಒಳ್ಳೆಯವರು ನಡುವೆ ಒಂದು ಸಣ್ಣ ವಾದನ ತುಂಬಿ ಶ್ರುತಿ ಬದಲಿಸಿಕೊಂಡು, ಅವಳ ಸಾಲನ್ನು ಅವಳಿಗೆ, ಅವನ ಸಾಲನ್ನು ಅವನಿಗೆ ಬಿಡಿಸಿಕೊಡುತ್ತಾರೆ. ಸಾಧಾರಣದವರು ಒಂದೇ ಶ್ರುತಿಯಲ್ಲಿ ಎಳೆಯುತ್ತಾರೆ, ಪಾಪ, ಕೃಷ್ಣನ ಕಂಠ ಮೇಲಿನ ಷಡ್ಜದಲ್ಲಿ ಒಡೆಯುತ್ತದೆ. ಹಾರ್ಮೋನಿಯಂ ಬದಲು ಬರೀ ಕೀಬೋರ್ಡ್ ಇಟ್ಟ ತಂಡಗಳ ಕಂದಪದ್ಯಗಳಲ್ಲಿ ಆ ಎಳೆತವೇ ಇರುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಕೀಬೋರ್ಡು ಯುದ್ಧದ ಸೀನಿಗೆ ಸರಿ.

ಧ್ವನಿವರ್ಧಕ ಇನ್ನೊಂದು ಕಾಟ. ವೇದಿಕೆ ಮುಂದೆ ಮೂರು–ನಾಲ್ಕು ಮೈಕು ನೆಟ್ಟಿರುತ್ತಾರೆ, ದರ್ಬಾರಿನ ಎಂಟು ಜನರೂ ಅದರ ಸುತ್ತ ಗುಂಪುಗೂಡುತ್ತಾರೆ, ಆಟ ನಿಂತು ಕವಾಯತು ಆಗುತ್ತದೆ. ಮೈಕಿನವರು ಎಕೋ ಜಾಸ್ತಿ ಕೊಟ್ಟರೆ ಮಾತಿನ ಕೊನೆಯಕ್ಷರಗಳು ಒಂದರ ಮೇಲೊಂದು ಬಿದ್ದು ಶಕುನಿಯ ಕುಹಕವೆಲ್ಲ ನೀರುಪಾಲು. ಹಾಗಾಗಿ ಸ್ಪೀಕರ್ ಕಂಬದ ಎದುರಿನ ಸಾಲು ಬಿಡಿ. ಸಭಾಂಗಣದಲ್ಲಾದರೆ ನಡುಭಾಗದ ಎಂಟು–ಹತ್ತನೇ ಸಾಲು, ಬಯಲಲ್ಲಾದರೆ ಮೇಷ್ಟ್ರು ಕೂತ ಬದಿಗೆ ಸ್ವಲ್ಪ ವಾಲಿದಂತೆ ಜಾಗ ಹಿಡಿಯಿರಿ, ಮೈಕ್ ಇಲ್ಲದೆಯೂ ಸಂಗೀತ ಕೇಳಿಸುತ್ತದೆ.

ಸನ್ಮಾನಗಳು. ಇದಕ್ಕೆ ನಾವು ಅಂಕ ಕಳೆಯುತ್ತೇವೆ. ದುರ್ಯೋಧನ ತೊಡೆ ತಟ್ಟಿ ಹಾಡು ಎತ್ತಿದ ಹೊತ್ತಿಗೇ ಬಂಧುಗಳು ಹಾರ, ಶಾಲು, ಹಣ್ಣಿನ ಬುಟ್ಟಿ ಹಿಡಿದು ವೇದಿಕೆ ಏರುತ್ತಾರೆ. ಜೊತೆಗೆ ಒಬ್ಬ ರಾಜಕಾರಣಿಯ ಭಾಷಣ ಬಂದರೆ ಅರ್ಧ ಗಂಟೆ ಹೋಯಿತು. ದುಡ್ಡು ಕೊಟ್ಟು ಪಾತ್ರ ಮಾಡಿದವನ ಹಕ್ಕು ಅದು, ನಿಜ. ಆದರೂ ಎಲ್ಲ ಸನ್ಮಾನವನ್ನೂ ದೃಶ್ಯದ ನಡುವಿನ ಪರದೆ ಬಿಟ್ಟಾಗ ಇಟ್ಟುಕೊಳ್ಳುವ ತಂಡಗಳು ಈಗ ಅಲ್ಲಲ್ಲಿ ಇವೆ, ಅವರ ನಾಟಕ ಒಂದೂವರೆ ಗಂಟೆ ಬೇಗ ಮುಗಿಯುತ್ತದೆ. ಕರಪತ್ರದಲ್ಲಿ ಅತಿಥಿಗಳ ಹೆಸರು ಪಾತ್ರಧಾರಿಗಳ ಹೆಸರಿಗಿಂತ ಹೆಚ್ಚಿದ್ದರೆ ಎರಡು ಗಂಟೆ ತಡವಾಗಿ ಹೋಗಿ, ಏನೂ ಕಳೆದುಕೊಳ್ಳುವುದಿಲ್ಲ.

ಪೂರ್ತಿ ಕೂರಲು ಆಗದವರಿಗೆ ಆಯ್ಕೆ: ಕೃಷ್ಣನ ಶಯನಗೃಹದ ದೃಶ್ಯ ಬಿಡಬೇಡಿ, ಅರ್ಜುನ–ದುರ್ಯೋಧನರು ಇಬ್ಬರೂ ನೆರವು ಕೇಳಲು ಬರುವ ಅದರಲ್ಲಿ ಹಾಡು, ಮಾತು, ಹಾಸ್ಯ ಮೂರೂ ಹದವಾಗಿ ಬೆರೆತಿರುತ್ತದೆ. ಸಂಧಾನ, ಕರ್ಣ–ಕುಂತಿ ಇವೆರಡರಲ್ಲಿ ತಂಡದ ನಟನೆಯ ತೂಕ ತಿಳಿಯುತ್ತದೆ. ಅಭಿಮನ್ಯುವಿನ ಯುದ್ಧಕ್ಕೆ ಎಳೆಯ ಹುಡುಗನನ್ನೇ ಹಾಕಿದ್ದರೆ ನೋಡಿ, ಮೀಸೆ ಬೋಳಿಸಿದ ನಲವತ್ತರವರಾದರೆ ಆ ಹೊತ್ತಿಗೆ ಹೊರಗೆ ಹೋಗಿ ಕಾಫಿ ಕುಡಿದು ಬನ್ನಿ. ಗದಾಯುದ್ಧ ಬರುವ ಹೊತ್ತಿಗೆ ಹಳ್ಳಿಯಲ್ಲಿ ಕೋಳಿ ಕೂಗಿರುತ್ತದೆ, ಭೀಮನ ದನಿ ಬಿದ್ದುಹೋಗಿರುತ್ತದೆ. ಅದನ್ನು ಚೆನ್ನಾಗಿ ನೋಡಬೇಕೆಂದರೆ ಕಲಾಕ್ಷೇತ್ರದ ಹಗಲು ಪ್ರದರ್ಶನವೇ ಸರಿ.

ಯಕ್ಷಗಾನ ಬೇಕಿದ್ದವರು ಸಕಲೇಶಪುರದ ಕಡೆ ನೋಡಿ. ಕರಾವಳಿಯ ಮೇಳಗಳ ತಿರುಗಾಟ ಪತ್ತನಾಜೆಗೆ, ಅಂದರೆ ಮೇ ಕೊನೆಗೆ, ಮುಗಿಯುತ್ತದೆ. ಆಮೇಲೆ ಗೆಜ್ಜೆ ಬಿಚ್ಚಿದ ಮೇಳ ಹುಡುಕಿ ಪ್ರಯೋಜನ ಇಲ್ಲ.

ಹಳ್ಳಿ ನಾಟಕಕ್ಕೆ ಹೋಗುವುದಾದರೆ ಚಾಪೆ, ಹೊದೆಯಲು ಒಂದು ಟವೆಲ್ಲು (ನಡುರಾತ್ರಿಯ ಗಾಳಿಗೆ ಆಗ ‘ಬಡವರ ಊಟಿ’ ನಿಜವಾಗುತ್ತದೆ), ಸೊಳ್ಳೆಗೆ ಮುಲಾಮು, ಟಾರ್ಚ್. ಹಿಂದಿರುಗಲು ರಾತ್ರಿ ಬಸ್ಸು ನಂಬಬೇಡಿ, ಸ್ವಂತ ಗಾಡಿ ಇಲ್ಲದಿದ್ದರೆ ಬೆಳಗಿನ ಮೊದಲ ಬಸ್ಸಿನ ತನಕ ಕೂರುವ ಮನಸ್ಸಿದ್ದರೆ ಮಾತ್ರ ಹೊರಡಿ. ಯಾವ ಊರಲ್ಲಿ ಯಾವತ್ತು ಎಂಬುದಕ್ಕೆ ಆನ್‌ಲೈನ್ ಪಟ್ಟಿ ಹುಡುಕುವುದು ದಂಡ. ಬಸ್ ನಿಲ್ದಾಣದ ಸುತ್ತಲಿನ ಗೋಡೆಗಳು, ಟೀ ಅಂಗಡಿಗಳ ಬಾಗಿಲು, ಕಲಾಕ್ಷೇತ್ರದ ಗೇಟು, ಕನ್ನಡ ಪತ್ರಿಕೆಗಳ ಜಿಲ್ಲಾ ಪುಟದ ‘ಇಂದಿನ ಕಾರ್ಯಕ್ರಮ’. ಅಲ್ಲಿ ‘ರಾತ್ರಿ 8ಕ್ಕೆ ಸರಿಯಾಗಿ’ ಅಂತ ಅಚ್ಚಾಗಿದ್ದರೆ ಊಟ ಮುಗಿಸಿಕೊಂಡು ಒಂಬತ್ತೂವರೆಗೆ ಹೋಗಿ, ಪರದೆ ಆಗಷ್ಟೇ ಏಳುತ್ತಿರುತ್ತದೆ.